ಸೊನ್ನೆಯಿಂದ ಶುರುವಾಗದ ಅಳತೆ: ಕೊಡಗಿನ ಜಿಲ್ಲಾಡಳಿತಕ್ಕೆ ಮತ್ತು ಕೆಲಸ ಕೊಡುವವರಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಹಾಗೂ ಈ ಜಿಲ್ಲೆಯಲ್ಲಿ ನಾಲ್ಕು ಜನರಿಗಾದರೂ ಕೆಲಸ ಕೊಡುತ್ತಿರುವ ತೋಟದ ಮಾಲೀಕರಿಗೆ, ಹೋಂಸ್ಟೇ ನಡೆಸುವವರಿಗೆ, ಗ್ಯಾರೇಜು ಮತ್ತು ಅಂಗಡಿಗಳ ಯಜಮಾನರಿಗೆ.

ಮಾನ್ಯರೇ,

ಕುಶಾಲನಗರದ ಸಮೀಪ, ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೇಳೆ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಅದರಲ್ಲಿ ಹದಿನಾಲ್ಕು ವರ್ಷ ವ್ಯವಸ್ಥಾಪಕನಾಗಿದ್ದು, ಈಗ ನಿವೃತ್ತನಾಗಿ ಮೂರು ಎಕರೆ ತೋಟ ನೋಡಿಕೊಂಡಿರುವವನು ನಾನು. ಆ ಹದಿನಾಲ್ಕು ವರ್ಷಗಳಲ್ಲಿ ಕೆಲಸ ಕೇಳಿಕೊಂಡು ಬಂದ ನೂರಾರು ಹುಡುಗ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ್ದೇನೆ. ಕೆಲವರನ್ನು ಸೇರಿಸಿಕೊಂಡಿದ್ದೇನೆ, ಬಹಳಷ್ಟು ಜನರನ್ನು ‘ಹೇಳಿ ಕಳಿಸುತ್ತೇವೆ’ ಎಂದು ಹೇಳಿ ಮತ್ತೆ ಹೇಳಿ ಕಳಿಸದೆ ಬಿಟ್ಟಿದ್ದೇನೆ. ಜಿಲ್ಲೆಯ ಯುವಜನರಿಗಾಗಿ ‘ಉದ್ಯೋಗ ಸಿದ್ಧತೆ’ಯ ಕಾರ್ಯಾಗಾರಗಳು ನಡೆಯುವುದನ್ನು ನಿವೃತ್ತಿಯ ನಂತರವೂ ನೋಡುತ್ತಿದ್ದೇನೆ. ಒಂದೆರಡಕ್ಕೆ ಅತಿಥಿಯಾಗಿ ಹೋಗಿ ಶಾಲು ಹೊದಿಸಿಕೊಂಡೂ ಬಂದಿದ್ದೇನೆ. ಆ ಕಾರ್ಯಾಗಾರಗಳಲ್ಲಿ ಕಲಿಸುತ್ತಿರುವುದು ಒಂದು, ಕೆಲಸದ ಜಾಗದಲ್ಲಿ ನಮಗೆ ಸಿಗದೆ ಹೋಗುತ್ತಿರುವುದು ಇನ್ನೊಂದು ಎಂಬ ನನ್ನ ಅನುಭವವನ್ನು ನಿಮ್ಮ ಮುಂದೆ ಇಡುವುದು ಈ ಪತ್ರದ ಉದ್ದೇಶ.

ನಾನು ಸಂದರ್ಶನಕ್ಕೆ ಬಂದವರಿಗೆ ಕೊಡುತ್ತಿದ್ದ ಪರೀಕ್ಷೆ ಬಹಳ ಸಣ್ಣದು. ಮೇಜಿನ ಮೇಲೆ ಒಂದು ಅಳತೆ ಟೇಪು ಇರುತ್ತಿತ್ತು. ಅದರ ತುದಿಯ ಲೋಹದ ಕೊಕ್ಕೆ ಕಿತ್ತುಹೋಗಿ ಮೊದಲ ಮೂರು ಸೆಂಟಿಮೀಟರ್ ಇರಲಿಲ್ಲ. ಅದರಲ್ಲೇ ಮೇಜಿನ ಉದ್ದ ಅಳೆಯಿರಿ ಎನ್ನುತ್ತಿದ್ದೆ. ಟೇಪಿನ ಮುರಿದ ತುದಿಯನ್ನು ಮೇಜಿನ ಅಂಚಿಗೆ ಹಿಡಿದು, ಇನ್ನೊಂದು ಅಂಚಿನಲ್ಲಿ ಕಂಡ ಅಂಕಿಯನ್ನು ಹಾಗೆಯೇ ಓದಿ ಹೇಳಿದವರೇ ಹೆಚ್ಚು. ‘ಸಾರ್, ಇದು ಮೂರರಿಂದ ಶುರುವಾಗುತ್ತೆ, ಮೂರು ಕಳೀಬೇಕಲ್ಲ?’ ಎಂದು ಕೇಳಿದವರು ಕಡಿಮೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಂಬತ್ತು ದಾಟಿದವರೂ ಮೊದಲ ಗುಂಪಿನಲ್ಲಿದ್ದರು, ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮರಗೆಲಸದವನ ಜೊತೆ ಎರಡು ವರ್ಷ ತಿರುಗಿದ್ದ ಒಬ್ಬ ಹುಡುಗ ಎರಡನೆಯ ಗುಂಪಿನಲ್ಲಿದ್ದ.

ಇದು ನಮ್ಮ ಊರಿನ ಮಕ್ಕಳ ದಡ್ಡತನವೆಂದು ಬಹಳ ಕಾಲ ತಿಳಿದಿದ್ದೆ. ಆಮೇಲೆ ‘ಅಸರ್’ ಸಮೀಕ್ಷೆಯ 2023ರ ವರದಿ ಕೈಗೆ ಸಿಕ್ಕಿತು. ಪ್ರಥಮ್ ಸಂಸ್ಥೆ 2005ರಿಂದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುತ್ತ ಬಂದಿರುವ ಸಮೀಕ್ಷೆಯಿದು. 2023ರಲ್ಲಿ ಅದು 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ 34 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಮನೆಗೆ ಹೋಗಿ ಮಾತನಾಡಿಸಿತ್ತು. ಅವರಿಗೆ ಕೇಳಿದ್ದರಲ್ಲಿ ಒಂದು ಪ್ರಶ್ನೆ ನನ್ನ ಮುರಿದ ಟೇಪಿನದೇ ಆಗಿತ್ತು. ವಸ್ತುವಿನ ಒಂದು ತುದಿ ಅಳತೆಪಟ್ಟಿಯ ಸೊನ್ನೆಯ ಮೇಲಿದ್ದಾಗ ಸುಮಾರು ಶೇ 85ರಷ್ಟು ಮಂದಿ ಉದ್ದವನ್ನು ಸರಿಯಾಗಿ ಹೇಳಿದರು; ಅದೇ ವಸ್ತುವನ್ನು ಸೊನ್ನೆಯಿಂದ ಸ್ವಲ್ಪ ಸರಿಸಿ ಇಟ್ಟಾಗ ಸರಿಯಾಗಿ ಹೇಳಿದವರು ಶೇ 39ಕ್ಕೆ ಇಳಿದರು. ಕಾಲುಭಾಗದಷ್ಟು ಮಂದಿಗೆ ತಮ್ಮ ಭಾಷೆಯ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾಗಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43 ಮಾತ್ರ. ಇವು ದೇಶದ ಅಂಕಿಗಳು, ಕೊಡಗಿನವೆಂದು ಯಾರೂ ಓದಿಕೊಳ್ಳಬಾರದು. ಆದರೆ ನನ್ನ ಮೇಜಿನ ಮುಂದೆ ಕಂಡದ್ದಕ್ಕೂ ಆ ವರದಿಯಲ್ಲಿ ಕಂಡದ್ದಕ್ಕೂ ಇದ್ದ ಹೋಲಿಕೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಮೂರಂಕಿಯ ಭಾಗಾಕಾರ ಎಂದರೆ ಪಠ್ಯಪುಸ್ತಕದ ಮಾತು ಎಂದು ಭಾವಿಸುವವರಿಗಾಗಿ ಕೊಯ್ಲಿನ ಕಾಲದ ಒಂದು ಸಂಜೆಯನ್ನು ನೆನಪಿಸುತ್ತೇನೆ. ಐದು ಜನರ ಒಂದು ಗುಂಪು ಒಟ್ಟಿಗೆ ಕೊಯ್ದ ಹಣ್ಣು ತೂಕಕ್ಕೆ ಬರುತ್ತದೆ. ತಕ್ಕಡಿ 735 ಕೆ.ಜಿ. ತೋರಿಸುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ 147 ಎಂದು ಬರೆಯಬೇಕು. ಅವನು ಅವಸರದಲ್ಲಿ 137 ಎಂದು ಬರೆದರೆ ಗುಂಪಿಗೆ 50 ಕೆ.ಜಿ.ಯ ಕೂಲಿ ಹೋಯಿತು. ಅದನ್ನು ಅಲ್ಲೇ ನಿಂತು ‘ಇದು ಸರಿಯಿಲ್ಲ’ ಎಂದು ಹೇಳಬಲ್ಲ ಒಬ್ಬರಾದರೂ ಆ ಐದು ಜನರಲ್ಲಿ ಇರಬೇಕು. ತೋಟದ ಕೂಲಿಯವರ ಸಾಲುಮನೆಯಾದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದು ಏಳನೆಯ ತರಗತಿಯವರೆಗೆ ಓದಿದ ಹೆಣ್ಣುಮಕ್ಕಳು, ಅಸ್ಸಾಮು, ಪಶ್ಚಿಮ ಬಂಗಾಳಗಳಿಂದ ಬಂದ ಹುಡುಗರು, ಎರವ ಮತ್ತು ಕುರುಬ ಹಾಡಿಗಳಿಂದ ಬರುವ ಕುಟುಂಬಗಳು, ಇವರೆಲ್ಲ ರೈಟರ್ ಹೇಳಿದ ಅಂಕಿಯನ್ನು ನಂಬಿ ಮನೆಗೆ ಹೋಗುತ್ತಾರೆ. ಹೆಚ್ಚಿನ ರೈಟರ್‌ಗಳು ಪ್ರಾಮಾಣಿಕರು ಎಂಬುದು ಬೇರೆ ಮಾತು.

ಈ ಕೊರತೆ ಕೂಲಿಯವರದು ಮಾತ್ರವೂ ಅಲ್ಲ. ಬೆಳೆಗಾರರ ಮನೆಯ, ಬಿ.ಕಾಂ. ಮುಗಿಸಿದ ಮಗನೊಬ್ಬ ಒಮ್ಮೆ ತಂದೆಯ ಬದಲಿಗೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ತೂಕ ಹಾಕಿಸಲು ಬಂದಿದ್ದ. ಐವತ್ತು ಕೆ.ಜಿ.ಯ ಚೀಲದಿಂದ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ ಔಟ್‌ಟರ್ನ್ 26 ಎಂದು ಬರೆದುಕೊಟ್ಟೆವು. ಅಂದರೆ ಆ ಚೀಲದಲ್ಲಿ 26 ಕೆ.ಜಿ. ಬೇಳೆ ಇದೆ ಎಂದು ಅರ್ಥ. ಒಂದು ಪಾಯಿಂಟ್ ಹೆಚ್ಚು ಕಡಿಮೆಯಾದರೆ ನೂರು ಚೀಲಕ್ಕೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಕೇಳಿದೆ. ಅವನು ಜೇಬಿನಿಂದ ಫೋನು ತೆಗೆದ, ಕ್ಯಾಲ್ಕುಲೇಟರ್ ತೆರೆದ, ಆದರೆ ಯಾವುದನ್ನು ಯಾವುದರಿಂದ ಗುಣಿಸಬೇಕೆಂದು ತಿಳಿಯದೆ ನಕ್ಕುಬಿಟ್ಟ. ನೂರು ಕೆ.ಜಿ. ಬೇಳೆ ಎಂದು ಅವನ ಅಪ್ಪನಾಗಿದ್ದರೆ ಚೀಟಿ ನೋಡುವ ಮೊದಲೇ ಹೇಳುತ್ತಿದ್ದರು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬೆಳೆಯುವ ಜಿಲ್ಲೆಯಲ್ಲಿ, ಹದಿನೈದು ವರ್ಷ ಓದಿದ ಬೆಳೆಗಾರನ ಮಗ ತನ್ನ ಮನೆಯ ಬಿಲ್ಲನ್ನು ತಾನು ಪರಿಶೀಲಿಸಲಾರ ಎಂಬುದನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇವೆ!

ಈಗ ನನ್ನದೇ ತಪ್ಪಿನ ಕಥೆಯೊಂದನ್ನು ಹೇಳಬೇಕು. ಹೇಳದಿದ್ದರೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ.

ತೇವಾಂಶ ಅಳೆದು ದಾಖಲಿಸುವ ಕೆಲಸಕ್ಕೆ ಒಬ್ಬರು ಬೇಕಾಗಿದ್ದರು. ಇಬ್ಬರು ಅಂತಿಮ ಸುತ್ತಿಗೆ ಉಳಿದರು. ಒಬ್ಬಳು ಸೋಮವಾರಪೇಟೆ ಕಡೆಯ ಹುಡುಗಿ. ಮುರಿದ ಟೇಪಿನ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವಳು, ಆದರೆ ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳಲು ತಡವರಿಸಿದಳು. ಇನ್ನೊಬ್ಬ ಯಾವುದೋ ತರಬೇತಿ ಕೇಂದ್ರದಲ್ಲಿ ಮೂರು ತಿಂಗಳು ವ್ಯಕ್ತಿತ್ವ ವಿಕಸನದ ಪಾಠ ಮುಗಿಸಿ ಬಂದ ಹುಡುಗ. ಕೈಕುಲುಕುವುದು, ಕಣ್ಣಿಟ್ಟು ನೋಡುವುದು, ‘ನನ್ನ ದೌರ್ಬಲ್ಯವೆಂದರೆ ಅತಿಯಾಗಿ ದುಡಿಯುವುದು’ ಎನ್ನುವುದು ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು. ರಫ್ತಿನವರ ಜೊತೆ ಮಾತನಾಡಲು ಅನುಕೂಲವಾದೀತೆಂದು ನಾನು ಅವನನ್ನು ಆರಿಸಿದೆ. ಹೊರಗಿನ ಖರೀದಿದಾರರು ನಮ್ಮಲ್ಲಿಗೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ತೇವಾಂಶದ ಪುಸ್ತಕವನ್ನು ದಿನಕ್ಕೆ ನಲವತ್ತು ಸಲ ತುಂಬಬೇಕು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಚೆರಿ ಕಾಫಿಯ ತೇವಾಂಶ ಶೇ 11ರ ಆಸುಪಾಸಿಗೆ, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಿನದು ಶೇ 10ರ ಆಸುಪಾಸಿಗೆ ಬರುವವರೆಗೆ ಒಣಗಿರಬೇಕು. ಒಂದು ದಿನ ಯಂತ್ರ 14.2 ತೋರಿಸಿತು, ಹುಡುಗ ಪುಸ್ತಕದಲ್ಲಿ 1.42 ಎಂದು ಬರೆದ. ಅಷ್ಟು ಕಡಿಮೆ ತೇವಾಂಶದ ಕಾಫಿ ಇರಲು ಸಾಧ್ಯವೇ ಎಂಬ ಅನುಮಾನ ಅವನಿಗೆ ಬರಲಿಲ್ಲ, ಏಕೆಂದರೆ ಅವನ ಪಾಲಿಗೆ ಅದೊಂದು ಅಂಕಿ, ಕಾಫಿಯಲ್ಲ. ಸಂಜೆಯ ಪಾಳಿಯವನು ಅದನ್ನು ನೋಡಿ ಮೊದಲಲ್ಲಿ ಒಂದು ‘1’ ಬಿಟ್ಟುಹೋಗಿರಬೇಕೆಂದು ತನ್ನಷ್ಟಕ್ಕೆ ಊಹಿಸಿ 11.42 ಎಂದು ತಿದ್ದಿದ. ಒಣಗಿಸಲು ಕಣಕ್ಕೆ ವಾಪಸು ಹೋಗಬೇಕಾಗಿದ್ದ ಮಾಲು ಹೀಗೆ ಗೋದಾಮಿಗೆ ಹೋಯಿತು. ಕೆಲವು ದಿನಗಳ ನಂತರ ಆ ಚೀಲಗಳ ನಡುವೆ ಕೈಯಿಟ್ಟರೆ ಬೆಚ್ಚಗಿತ್ತು, ಮುಗ್ಗಲು ವಾಸನೆ ಬರುತ್ತಿತ್ತು.

ವಿಚಾರಿಸಿದಾಗ ಸಂಜೆ ಪಾಳಿಯವನು ಹೇಳಿದ ಮಾತು ನನಗೆ ಇಂದಿಗೂ ಚುಚ್ಚುತ್ತದೆ: ‘ಸಣ್ಣಸಣ್ಣ ವಿಷಯಕ್ಕೆ ನನ್ನ ಹತ್ತಿರ ಬರಬೇಡಿ ಎಂದು ನೀವೇ ಹೇಳಿದ್ದಿರಲ್ಲ, ಸಾರ್.’ ಹೇಳಿದ್ದೆ. ದಶಮಾಂಶ ಬಿಂದುವಿನ ಅರ್ಥ ತಿಳಿಯದಿದ್ದುದು ಒಬ್ಬನ ತಪ್ಪು, ಗೊತ್ತಿಲ್ಲದ್ದನ್ನು ಕೇಳದೆ ಊಹಿಸಿದ್ದು ಇನ್ನೊಬ್ಬನ ತಪ್ಪು, ಕೇಳುವುದಕ್ಕೇ ಹೆದರುವಂತೆ ಮಾಡಿದ್ದು ನನ್ನ ತಪ್ಪು. ಕೆಲಸಕ್ಕೆ ಸಿದ್ಧವಾಗಿರುವುದು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಮೂರನ್ನೂ ಸೇರಿಸಿಯೇ ಹೇಳುತ್ತೇನೆ, ಮತ್ತು ಮೂರನೆಯದು ಕೆಲಸಗಾರನ ಸಿದ್ಧತೆಯಲ್ಲ, ಯಜಮಾನನದು.

ಮಾನ್ಯರೇ, ದಶಮಾಂಶವೆಂಬುದು ಕೊಡಗಿಗೆ ಹೊಸದಲ್ಲ ಎಂಬುದೇ ಇದರಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿ. ಇಲ್ಲಿಯ ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅದನ್ನು ಅಳೆದು ಕ್ಯಾಲೆಂಡರಿನ ಮೇಲೆ ಬರೆಯುವುದು ಮನೆಯ ಹಿರಿಯರ ಕೆಲಸ. ‘ನಿಮಗೆಷ್ಟು ಬಂತು?’ ಎಂದು ಪಕ್ಕದ ತೋಟದವರು ಫೋನಿನಲ್ಲಿ ಕೇಳಿದರೆ ‘ಒಂದಿಂಚು ಐದು ಸೆಂಟು’ ಎನ್ನುತ್ತಾರೆ. ಇಂಚಿಗೆ ನೂರು ಸೆಂಟು. ಆದ್ದರಿಂದ ಒಂದಿಂಚು ಐದು ಸೆಂಟು ಎಂದರೆ 1.05, ಒಂದಿಂಚು ಐವತ್ತು ಸೆಂಟು ಎಂದರೆ 1.50. ಇವೆರಡರ ನಡುವಿನ ವ್ಯತ್ಯಾಸದಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಸಾಕಾಯಿತೋ, ಮತ್ತೆ ಸ್ಪ್ರಿಂಕ್ಲರ್ ಹಾಕಬೇಕೋ ಎಂಬ ತೀರ್ಮಾನ ಅಡಗಿರುತ್ತದೆ. ಶಾಲೆಗೆ ಹೆಚ್ಚು ದಿನ ಹೋಗದ ಅಜ್ಜಿಯರು ಇದನ್ನು ಎಂದೂ ತಪ್ಪಿಸಿದ್ದನ್ನು ನಾನು ಕಾಣೆ. ಅದೇ ಮನೆಯ ಮೊಮ್ಮಗ ಏಳನೆಯ ತರಗತಿಯ ಗಣಿತದಲ್ಲಿ 1.5 ದೊಡ್ಡದೋ 1.05 ದೊಡ್ಡದೋ ಎಂದು ಕೇಳಿದರೆ, ಅಂಕಿ ಹೆಚ್ಚಿರುವುದರಿಂದ 1.05 ಎನ್ನುತ್ತಾನೆ. ಅಂಗಳದ ಗಣಿತವೂ ಶಾಲೆಯ ಗಣಿತವೂ ಒಂದೇ ಎಂದು ಅವನಿಗೆ ಯಾರೂ ಹೇಳಿಲ್ಲ. ಇಂಚಿಗೆ 25.4 ಮಿಲಿಮೀಟರ್ ಎಂದು ತಿಳಿಸಿ, ಅಜ್ಜಿ ಬರೆದ ಎರಡಿಂಚು ನಲವತ್ತು ಸೆಂಟನ್ನು ಪತ್ರಿಕೆಯಲ್ಲಿ ಬರುವ ಮಿಲಿಮೀಟರಿಗೆ ಪರಿವರ್ತಿಸಿಕೊಂಡು ಬಾ ಎಂದು ಒಂದು ಜೂನ್ ತಿಂಗಳಿಡೀ ಮನೆಗೆಲಸ ಕೊಟ್ಟರೆ ಸಾಕಲ್ಲವೇ? ಅದಕ್ಕೆ ಯಾವ ಕಿಟ್ಟೂ ಬೇಡ, ಟೆಂಡರೂ ಬೇಡ.

ತೋಟದಲ್ಲಿ ಇಂಥ ಪಾಠಗಳು ತುಂಬಿ ಚೆಲ್ಲುತ್ತಿವೆ. ಎಲೆ ತುಕ್ಕು ರೋಗಕ್ಕೆ ಕಾಫಿಗೆ ಶೇ 0.5ರ ಬೋರ್ಡೋ ದ್ರಾವಣ, ಕರಿಮೆಣಸಿನ ಬಳ್ಳಿಗೆ ಶೇ 1ರದು ಎಂದು ಶಿಫಾರಸು ಇದೆ. ಇನ್ನೂರು ಲೀಟರಿನ ಡ್ರಮ್ಮಿಗೆ ಮೊದಲನೆಯದಾದರೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ಎರಡನೆಯದಾದರೆ ಎರಡೆರಡು ಕೆ.ಜಿ. ಇಷ್ಟೇ ಲೆಕ್ಕ. ಆದರೆ ಡ್ರಮ್ಮು ನೂರೈವತ್ತು ಲೀಟರಿನದಾದರೆ? ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ? ಆಗ ಶೇಕಡಾ ಎಂದರೇನು ಎಂದು ತಿಳಿದವನು ಬೇಕು. ಸುಣ್ಣ ಕಡಿಮೆಯಾದ ದ್ರಾವಣ ಎಲೆಯನ್ನು ಸುಡುತ್ತದೆ. ಅದನ್ನು ಕಂಡುಹಿಡಿಯಲು ಹಳಬರು ಉಜ್ಜಿ ಹೊಳಪು ತಂದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರಹಾಕುತ್ತದೆ ಎಂಬ ಹತ್ತನೆಯ ತರಗತಿಯ ವಿಜ್ಞಾನದ ಪಾಠ ಇದೇ ಅಲ್ಲವೇ? ಮಗು ಪರೀಕ್ಷೆಯಲ್ಲಿ ಸಮೀಕರಣ ಬರೆದು ಅಂಕ ತೆಗೆದುಕೊಳ್ಳುತ್ತದೆ. ಅಪ್ಪ ತೋಟದಲ್ಲಿ ಕತ್ತಿ ಅದ್ದುತ್ತಾನೆ. ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದೇವೆಂದು ಇಬ್ಬರಿಗೂ ತಿಳಿಯದು.

ಕೀಟನಾಶಕದ ಡಬ್ಬಿಯ ಮೇಲಿನ ಬರಹದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿರುವ ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತಿ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ‘ಇದು ಗಿಡಕ್ಕೆ ಒಳ್ಳೆಯದು’ ಎಂದು ನನಗೆ ಹೇಳಿದವರಿದ್ದಾರೆ. ‘ಹತ್ತು ಲೀಟರಿಗೆ 20 ಮಿ.ಲೀ.’ ಎಂದಿರುವುದನ್ನು ಓದಿ ಇನ್ನೂರು ಲೀಟರಿಗೆ 400 ಮಿ.ಲೀ. ಎಂದು ಲೆಕ್ಕ ಹಾಕುವುದು, ಮುಚ್ಚಳದಿಂದ ಅಂದಾಜಿಗೆ ಸುರಿಯದೆ ಅಳೆದು ಹಾಕುವುದು, ಇದು ಕೆಲಸದ ಕೌಶಲವೂ ಹೌದು, ಜೀವದ ಪ್ರಶ್ನೆಯೂ ಹೌದು. ಕರಿಮೆಣಸಿನ ಕೊಯ್ಲಿನಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಏಣಿ ಎಷ್ಟು ಉದ್ದ, ತಂತಿ ಎಷ್ಟು ಎತ್ತರ, ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ನೆಟ್ಟಗೆ ಹಿಡಿದು ಸಾಗಿಸಿದರೆ ತುದಿ ಎಲ್ಲಿಗೆ ಮುಟ್ಟುತ್ತದೆ ಎಂಬ ಅಂದಾಜು ಕಣ್ಣಿಗೆ ಇರಬೇಕು, ಮತ್ತು ‘ಇಲ್ಲಿ ಬೇಡ ಅಣ್ಣ, ಲೈನ್ ಇದೆ’ ಎಂದು ಮೇಸ್ತ್ರಿಗೆ ಹೇಳುವ ಧೈರ್ಯ ಬಾಯಿಗೆ ಇರಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಕೊಡಗು ಸಾಮಾನ್ಯವಾಗಿ ಮೇಲಿನ ಸಾಲಿನಲ್ಲೇ ಇರುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇ 82.6. ಈ ಹೆಮ್ಮೆಯನ್ನು ಕಿತ್ತುಕೊಳ್ಳುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಹೆಮ್ಮೆ ನಮ್ಮ ಕಣ್ಣಿಗೆ ಪರದೆಯಾಗಿದೆ ಎಂದು ನನಗನ್ನಿಸುತ್ತದೆ. ಉತ್ತೀರ್ಣರಾದವರ ಸಂಖ್ಯೆ ಚೆನ್ನಾಗಿರುವ ಕಡೆ ಓದಿ ಅರ್ಥ ಮಾಡಿಕೊಳ್ಳಲಾರದವರು ಎಷ್ಟಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಜಿಲ್ಲೆಯದೇ ಆದ ಇನ್ನೊಂದು ತೊಡಕೂ ಇದೆ. ಇಲ್ಲಿಯ ಮಗು ಮನೆಯಲ್ಲಿ ಕೊಡವ ತಕ್ಕ್ ಆಡುತ್ತದೆ, ಅರೆಭಾಷೆ ಆಡುತ್ತದೆ, ಮಲಯಾಳ, ತುಳು, ಬ್ಯಾರಿ, ಎರವ ಅಥವಾ ಕುರುಬ ಭಾಷೆ ಆಡುತ್ತದೆ; ಈಗೀಗ ಲೈನ್‌ಮನೆಗಳಲ್ಲಿ ಅಸ್ಸಾಮಿ, ಬಂಗಾಳಿ ಕೂಡ ಕೇಳಿಸುತ್ತದೆ. ಶಾಲೆಯ ಪುಸ್ತಕದ ಕನ್ನಡ ಇವರಲ್ಲಿ ಹಲವರಿಗೆ ಎರಡನೆಯ ಭಾಷೆ. ಅದನ್ನು ಗಟ್ಟಿಯಾಗಿ ಓದಲು ಕಲಿಯುತ್ತಾರೆ. ಓದಿದ್ದರ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳುವ ಅಭ್ಯಾಸ ಆಗುವುದೇ ಇಲ್ಲ. ಆ ಕನ್ನಡ ಗಟ್ಟಿಯಾಗುವ ಮೊದಲೇ ಇಂಗ್ಲಿಷ್ ಮಾಧ್ಯಮ ಎಂದು ಎಳೆದುಕೊಂಡು ಹೋಗುತ್ತೇವೆ. ಕೊನೆಗೆ ಕೆಲಸಕ್ಕೆ ಬಂದ ಹುಡುಗನಿಗೆ ‘ಇವತ್ತು ಯಂತ್ರ ಯಾಕೆ ನಿಂತಿತು ಎಂದು ನಾಲ್ಕು ಸಾಲು ಬರೆದುಕೊಡು, ನಿನಗೆ ಬೇಕಾದ ಭಾಷೆಯಲ್ಲಿ ಬರೆ’ ಎಂದರೆ ಅವನು ಯಾವ ಭಾಷೆಯಲ್ಲೂ ಬರೆಯಲಾರದೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾನೆ. ಹೋಂಸ್ಟೇ ನಡೆಸುವ ನನ್ನ ನೆಂಟರ ದೂರೂ ಇದೇ. ಅತಿಥಿಗಳ ಜೊತೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಮಾತನಾಡಲು ಹುಡುಗರು ಆರು ತಿಂಗಳಲ್ಲಿ ಕಲಿತುಬಿಡುತ್ತಾರೆ, ಆದರೆ ಯಾವ ಕೋಣೆಯ ಗೀಸರ್ ಕೆಟ್ಟಿದೆ, ಯಾರು ಎಷ್ಟು ಗಂಟೆಗೆ ಬರುತ್ತಾರೆ ಎಂದು ರಾತ್ರಿಯವನು ಬೆಳಗಿನವನಿಗೆ ಬರೆದಿಟ್ಟು ಹೋಗುವುದಿಲ್ಲ ಎನ್ನುತ್ತಾರೆ ಅವರು.

ಇದನ್ನೆಲ್ಲ ಸರಿಪಡಿಸಲು ಕಾರ್ಯಕ್ರಮಗಳಿಗೇನೂ ಬರವಿಲ್ಲ. ಮೂರನೆಯ ತರಗತಿ ಮುಗಿಸುವ ಹೊತ್ತಿಗೆ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ ಬರಬೇಕೆಂದು 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ 2026–27ರ ಗಡುವು ಇಟ್ಟುಕೊಂಡಿದೆ. ಹದಿನೈದು ದಾಟಿದ ಅನಕ್ಷರಸ್ಥರಿಗಾಗಿ ಉಲ್ಲಾಸ್ ಎಂಬ ನವಭಾರತ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರ ಅವಧಿಗೆ ಇದೆ. ರಾಜ್ಯದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಇವುಗಳ ನಡುವೆ ಹತ್ತರಿಂದ ಹದಿನೆಂಟು ವರ್ಷದ ಮಗುವೊಂದು ಕೈತಪ್ಪಿ ಹೋಗಿದೆ. ಮೂರನೆಯ ತರಗತಿಯ ಗುರಿಯನ್ನು ಅದು ದಾಟಿ ಬಂದಾಗಿದೆ, ಅನಕ್ಷರಸ್ಥ ಎಂದು ಬರೆಸಿಕೊಳ್ಳಲು ಅದಕ್ಕೆ ಅಕ್ಷರ ಬರುತ್ತದೆ, ನಿರುದ್ಯೋಗಿ ಎನಿಸಿಕೊಳ್ಳಲು ವಯಸ್ಸಾಗಿಲ್ಲ. ನನ್ನ ಕೋರಿಕೆ ಮುಖ್ಯವಾಗಿ ಈ ಮಗುವಿನ ಬಗ್ಗೆ.

ಮಳೆಗಾಲ ಮುಗಿದ ಮೇಲೆ ಜಿಲ್ಲೆಯ ಎಂಟು ಮತ್ತು ಒಂಬತ್ತನೆಯ ತರಗತಿಯ ಎಲ್ಲ ಮಕ್ಕಳಿಗೆ, ಐ.ಟಿ.ಐ. ಮತ್ತು ಪಿ.ಯು. ಮೊದಲ ವರ್ಷದವರಿಗೆ ಅರ್ಧ ಗಂಟೆಯ ಒಂದು ಪರಿಶೀಲನೆ ನಡೆಸಿ. ಔಷಧದ ಡಬ್ಬಿಯ ಮೇಲಿನ ಸೂಚನೆಯನ್ನು ಓದಿ ಮೂರು ಪ್ರಶ್ನೆಗೆ ಉತ್ತರಿಸುವುದು, ತುದಿ ಮುರಿದ ಟೇಪಿನಲ್ಲಿ ಅಳೆಯುವುದು, ಐದು ಜನರಿಗೆ 735 ಕೆ.ಜಿ. ಹಂಚುವುದು, ನಿನ್ನೆ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆಯುವುದು, ಇಷ್ಟೇ ಇರಲಿ. ಪ್ರಶ್ನೆಗಳನ್ನು ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನವರು ಸಿದ್ಧಪಡಿಸಲಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನೂ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರನ್ನೂ ಒಂದು ದಿನ ಜೊತೆಗೆ ಕೂರಿಸಿಕೊಳ್ಳಲಿ. ದಯವಿಟ್ಟು ಇದಕ್ಕೆ ಅಂಕ ಕೊಡಬೇಡಿ, ಶಾಲೆಗಳ ಪಟ್ಟಿ ಪ್ರಕಟಿಸಬೇಡಿ. ಪಟ್ಟಿ ಬಂದ ಮರುವರ್ಷವೇ ಮುರಿದ ಟೇಪಿನ ಉತ್ತರವನ್ನು ಬಾಯಿಪಾಠ ಮಾಡಿಸುವ ಗೈಡುಗಳು ಬರುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಯಾವ ಮಗುವಿಗೆ ಯಾವುದು ಬರುವುದಿಲ್ಲ ಎಂದು ಆ ಮಗುವಿನ ಮೇಷ್ಟ್ರಿಗೆ ಗೊತ್ತಾದರೆ ಸಾಕು, ಮತ್ತು ಗೊತ್ತಾದದ್ದನ್ನು ಕಲಿಸಲು ಆ ಮೇಷ್ಟ್ರಿಗೆ ವಾರಕ್ಕೆ ಮೂರು ಪೀರಿಯಡ್ ಬಿಟ್ಟುಕೊಟ್ಟರೆ ಸಾಕು. ಪಾಠ ಮುಗಿಸಬೇಕೆಂಬ ಒತ್ತಡವನ್ನು ಅಷ್ಟರ ಮಟ್ಟಿಗೆ ಇಳಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಅದನ್ನು ಬಳಸಬೇಕು.

ಇದು ನಮ್ಮಂಥ ಮೂಲೆಯ ಜಿಲ್ಲೆಗೆ ನಿಲುಕದ ಮಾತು ಎನ್ನುವವರಿಗೆ ಒಂದು ನೆನಪು. ಇಡೀ ರಾಜ್ಯದ ಒಂದರಿಂದ ಮೂರನೆಯ ತರಗತಿಗಳಿಗೆ ಹರಡಿದ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಲ್ಲ, ನಾಗರಹೊಳೆಯ ಆಚೆ ಬದಿಯಲ್ಲಿರುವ ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ.

ಕೆಲಸ ಕೊಡುವವರಿಗೆ ಹೇಳಬೇಕಾದ್ದು ಬೇರೆ. ಉದ್ಯೋಗ ಮೇಳಕ್ಕೆ ಹೋಗುವಾಗ ‘ಯಾವುದಾದರೂ ಪದವಿ, ಉತ್ತಮ ಸಂವಹನ ಕೌಶಲ’ ಎಂದು ಬರೆದುಕೊಂಡು ಹೋಗುವುದನ್ನು ನಾವು ಬಿಡೋಣ. ಬಂದವನು ಮೊದಲ ತಿಂಗಳಲ್ಲಿ ಏನನ್ನು ಓದಬೇಕು, ಏನನ್ನು ಅಳೆಯಬೇಕು, ಏನನ್ನು ಬರೆಯಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಅದನ್ನು ಹತ್ತಿರದ ಪ್ರೌಢಶಾಲೆಗೂ ಐ.ಟಿ.ಐ.ಗೂ ಕೊಡೋಣ. ನನ್ನ ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಹೀಗೆ ಕೊಟ್ಟಿರಲಿಲ್ಲ. ಶಾಲೆಗಳು ಏನು ಕಲಿಸುತ್ತಿಲ್ಲ ಎಂದು ಮಾತ್ರ ಕ್ಲಬ್ಬಿನಲ್ಲಿ ಕುಳಿತು ಹೇಳಿದ್ದೇನೆ. ಕೂಲಿಯ ಚೀಟಿಯನ್ನು ಕನ್ನಡದಲ್ಲಿ ಕೊಡಿ, ಮೊತ್ತವನ್ನು ಮಾತ್ರವಲ್ಲ, ಎಷ್ಟು ಕೆ.ಜಿ., ಕೆ.ಜಿ.ಗೆ ಎಷ್ಟು, ಮುಂಗಡ ಎಷ್ಟು ಕಳೆದಿದೆ ಎಂಬ ಲೆಕ್ಕವನ್ನೂ ಅದರಲ್ಲಿ ಬಿಡಿಸಿ ಬರೆಯಿರಿ. ತನ್ನ ದುಡ್ಡಿನ ಲೆಕ್ಕಕ್ಕಿಂತ ಒಳ್ಳೆಯ ಗಣಿತದ ಪುಸ್ತಕ ಯಾರಿಗೂ ಸಿಗಲಾರದು. ಈಗ ಕೆಲಸದಲ್ಲಿರುವವರಿಗೆ ಓದು ಲೆಕ್ಕ ಕಲಿಸಲು ಮುಂಗಾರಿನ ಜೋರು ಮಳೆಗೆ ತೋಟದ ಕೆಲಸ ನಿಲ್ಲುವ ಗಂಟೆಗಳಿವೆ. ಆ ಗಂಟೆಗಳಿಗೆ ಕೂಲಿ ಕೊಟ್ಟು ಗೋದಾಮಿನಲ್ಲಿ ಕೂರಿಸಿ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲೇ ತೋಟದಲ್ಲಿ ಆರರಿಂದ ಹನ್ನೆರಡು ವರ್ಷದ 25ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾಲೀಕರಿಂದ ಶಿಕ್ಷಣದ ಸೌಲಭ್ಯ ಕೊಡಿಸಲು ಅವಕಾಶವಿತ್ತು. ಕಲಿಸುವುದು ತೋಟದ ಕೆಲಸವಲ್ಲ ಎಂದು ನಮ್ಮಲ್ಲಿ ಯಾರೂ ಹೇಳುವಂತಿಲ್ಲ. ಕೂಲಿ ಕೊಟ್ಟು ಪಾಠ ಹೇಳಿದರೆ ಕಲಿತವನು ಬೇರೆ ತೋಟಕ್ಕೆ ಹೋಗುತ್ತಾನಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಹೋಗಲಿ, ಬೇರೆ ತೋಟದಲ್ಲಿ ಕಲಿತವನು ನಿಮ್ಮಲ್ಲಿಗೆ ಬರುತ್ತಾನೆ.

ಸಾಫ್ಟ್ ಸ್ಕಿಲ್ಸ್ ಕಾರ್ಯಾಗಾರಗಳನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಸಂದರ್ಶನದ ಭಯ ಬಿಡಿಸಲು ಅವು ಒಂದಿಷ್ಟು ಉಪಯೋಗಕ್ಕೆ ಬಂದಿರಬಹುದು. ಆದರೆ ಮುಂದಿನ ಕಾರ್ಯಾಗಾರದ ಮೊದಲ ದಿನ ಕೈಕುಲುಕುವುದನ್ನು ಕಲಿಸುವ ಮೊದಲು, ಬಂದ ಅರವತ್ತು ಜನರಲ್ಲಿ ಎಷ್ಟು ಮಂದಿಗೆ ಒಂದು ಪುಟ ಓದಿ ಅದರ ಅರ್ಥ ಹೇಳಲು ಬರುತ್ತದೆ ಎಂದು ನೋಡಿ. ಬಾರದವರಿಗೆ ಅದೇ ಮೂರು ದಿನಗಳಲ್ಲಿ ಅದನ್ನೇ ಕಲಿಸಿ, ಮೂರು ದಿನ ಸಾಲದಿದ್ದರೆ ಮೂವತ್ತು ದಿನ ಕಲಿಸಿ. ಪ್ರಮಾಣಪತ್ರ ಆಮೇಲೆ ಕೊಡಬಹುದು.

ನನ್ನಿಂದ ಆಗುವುದನ್ನು ಹೇಳಿ ಪತ್ರ ಮುಗಿಸುತ್ತೇನೆ. ಕೆಲಸ ಬಿಡುವಾಗ ಕಾರ್ಖಾನೆಯವರು ಹಳೆಯದೆಂದು ಎಸೆಯಲಿದ್ದ ಒಂದು ತಕ್ಕಡಿ, ಒಂದು ತೇವಾಂಶ ಮಾಪಕ, ಬೇಳೆಯನ್ನು ಗಾತ್ರದ ಪ್ರಕಾರ ವಿಂಗಡಿಸುವ ಮೂರು ಜರಡಿಗಳು ನನ್ನ ಬಳಿ ಇವೆ. ಜರಡಿಗಳ ತೂತು ಡಬಲ್ ಎ ದರ್ಜೆಗೆ 7.10, ಎ ದರ್ಜೆಗೆ 6.65, ಬಿ ದರ್ಜೆಗೆ 6.00 ಮಿಲಿಮೀಟರ್, ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಾನನ್ನು ನಾನು ನೋಡಿಲ್ಲ. ಕುಶಾಲನಗರ, ಸೋಮವಾರಪೇಟೆ ತಾಲ್ಲೂಕುಗಳ ಯಾವ ಸರ್ಕಾರಿ ಪ್ರೌಢಶಾಲೆ ಕರೆದರೂ ಶನಿವಾರ ಬೆಳಿಗ್ಗೆ ಇವನ್ನು ಜೀಪಿನಲ್ಲಿ ಹಾಕಿಕೊಂಡು ನಾನೇ ಬರುತ್ತೇನೆ. ಭತ್ಯೆ ಬೇಡ, ಶಾಲು ಕೂಡ ಬೇಡ. ಮುರಿದ ಟೇಪೂ ಜೊತೆಗಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ಕುಶಾಲನಗರ ತಾಲ್ಲೂಕಿನ ಒಬ್ಬ ನಿವೃತ್ತ ಕ್ಯೂರಿಂಗ್ ವರ್ಕ್ಸ್ ವ್ಯವಸ್ಥಾಪಕ